ನಂದಿಯ ತಪ್ಪಲಿನಲ್ಲಿ ಎರಡು ಗಾಲಿಯ ಪಯಣ

ನಂದಿಬೆಟ್ಟವನ್ನು ಹತ್ತದವನು ಸವಾರನೇ ಅಲ್ಲವೆಂಬ ನಂಬಿಕೆಯೊಂದು ಬೆಂಗಳೂರಿನ ಸೈಕಲ್ ಸವಾರರಲ್ಲಿ ಬೇರೂರಿದೆ. ಭಾನುವಾರದ ನಸುಕಿನಲ್ಲಿ, ಕೋಳಿ ಕೂಗುವ ಮೊದಲೇ, ತಲೆಗೆ ಶಿರಸ್ತ್ರಾಣವನ್ನು ಬಿಗಿದು, ಹಿಂದೊಂದು ಕೆಂಪು ದೀಪವನ್ನು ಮಿಣುಕಿಸುತ್ತ, ಹೆಬ್ಬಾಳವನ್ನು ದಾಟಿ ಉತ್ತರಕ್ಕೆ ಸಾಗುವ ಗುಂಪುಗಳನ್ನು ಅನೇಕರು ಕಂಡಿರಬಹುದು. ಈ ಸಾಹಸಿಗಳು ಹೆದ್ದಾರಿಯನ್ನು ಹಿಡಿದು ಬೆಟ್ಟದ ಬುಡವನ್ನು ಮುಟ್ಟುತ್ತಾರೆ. ತಿರುವುಗಳನ್ನು ಎಣಿಸುತ್ತ ಏರುತ್ತಾರೆ. ಮೇಲೆ ಒಂದು ಲೋಟ ಕಾಫಿಯನ್ನು ಕುಡಿದು, ಎಷ್ಟು ನಿಮಿಷಗಳಲ್ಲಿ ಏರಿದೆವೆಂಬ ಲೆಕ್ಕವನ್ನು ಕೈಗಡಿಯಾರದಲ್ಲಿ ನೋಡಿಕೊಂಡು, ಬಂದ ದಾರಿಯಲ್ಲಿಯೇ ಮರಳುತ್ತಾರೆ. ಬೆಟ್ಟವನ್ನು ಗೆದ್ದದ್ದಾಯಿತು, ಬೆಟ್ಟದ ಸೀಮೆಯನ್ನು ಕಂಡದ್ದಾಗಲಿಲ್ಲ.

ಕಾಣಬೇಕಾದದ್ದು ಆ ಸೀಮೆಯೇ. ನಂದಿಯ ನೆತ್ತಿಯಲ್ಲಿ ಜನಜಂಗುಳಿ. ನಂದಿಯ ಪಾದದಲ್ಲಿ ಇನ್ನೂ ಮೌನ. ಬುಡವನ್ನು ಸುತ್ತುವರಿದು ಹಳ್ಳಿಯಿಂದ ಹಳ್ಳಿಗೆ ಹೋಗುವ ಕಿರಿದಾದ ಡಾಂಬರು ದಾರಿಗಳಲ್ಲಿ, ವಾರದ ದಿನದ ಬೆಳಗಿನ ಹೊತ್ತು, ಹಾಲಿನ ಕ್ಯಾನುಗಳನ್ನು ಹೊತ್ತ ಒಂದು ಮೋಟಾರ್ ಸೈಕಲ್ಲು, ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನೇರಿಸಿಕೊಂಡ ಒಂದು ಆಟೋ, ಶಾಲೆಯ ಮಕ್ಕಳಿಗಾಗಿ ಬಂದುಹೋಗುವ ಒಂದು ಬಸ್ಸು, ಇವಿಷ್ಟನ್ನು ಬಿಟ್ಟರೆ ಹಲವು ಮೈಲಿಗಳ ತನಕ ಬೇರೆ ಗಾಲಿಯ ಸದ್ದಿಲ್ಲ.

ಸಮುದ್ರಮಟ್ಟದಿಂದ 1478 ಮೀಟರ್ ಎತ್ತರವಿರುವ ನಂದಿಯು ಒಂಟಿಯಾಗಿ ನಿಂತ ಬೆಟ್ಟವಲ್ಲ. ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಮೊದಲಾದ ಬಂಡೆಗಲ್ಲಿನ ಗಿರಿಗಳು ಅದರ ಒಡಹುಟ್ಟುಗಳಂತೆ ಸುತ್ತಲೂ ನೆರೆದಿವೆ. ಇವುಗಳ ತಪ್ಪಲು ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಾದುದರಿಂದ ಬೇಸಗೆಯಲ್ಲಿಯೂ ಬೆಳಗಿನ ಗಾಳಿ ತಂಪಾಗಿರುತ್ತದೆ. ಈ ಗಿರಿಗಳ ಮೇಲೆ ಬಿದ್ದ ಮಳೆಯು ನಾನಾ ದಿಕ್ಕುಗಳಿಗೆ ಹರಿದುಹೋಗುತ್ತದೆ. ಅರ್ಕಾವತಿಯು ನೈಋತ್ಯಕ್ಕೆ ಹರಿದು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೇಲಾಗಿ ಆಂಧ್ರವನ್ನು ಹೊಕ್ಕು ನೆಲ್ಲೂರಿನ ಬಳಿ ಕಡಲನ್ನು ಕಾಣುವುದು. ದಕ್ಷಿಣ ಪಿನಾಕಿನಿಯದು ತಮಿಳುನಾಡಿನ ಹಾದಿ; ಚಿತ್ರಾವತಿಯದು ಬಾಗೇಪಲ್ಲಿ, ಪುಟ್ಟಪರ್ತಿಗಳ ಹಾದಿ. ಇಷ್ಟೊಂದು ಹೊಳೆಗಳ ತವರುಮನೆ ಇದು. ಆದರೆ ತವರಿನಲ್ಲಿ ಹೆಣ್ಣುಮಕ್ಕಳು ಕಾಣಸಿಗುವುದು ಅಪರೂಪ! ಮಳೆಗಾಲದ ಕೆಲವು ವಾರಗಳನ್ನುಳಿದು ಸೇತುವೆಗಳ ಕೆಳಗೆ ಮರಳೂ ಲಂಟಾನದ ಪೊದೆಯೂ ಕಾಣುವವೇ ಹೊರತು ನೀರು ಕಾಣದು. 1894ರಲ್ಲಿ ಹೆಸರಘಟ್ಟದ ಕೆರೆಯನ್ನು ತುಂಬಿ ಬೆಂಗಳೂರಿಗೆ ಕುಡಿಯುವ ನೀರನ್ನು ಕೊಟ್ಟ ಅರ್ಕಾವತಿಯು ಇದೇ ಎಂದರೆ ಹೊಸಬರು ನಂಬುವುದು ಕಷ್ಟ.

ತಪ್ಪಲಿನ ಪಯಣವನ್ನು ದೊಡ್ಡಬಳ್ಳಾಪುರದಿಂದ ಆರಂಭಿಸುವುದು ಲೇಸು. ಬೆಂಗಳೂರಿನಿಂದ ಅಲ್ಲಿಯವರೆಗಿನ ರಸ್ತೆಯಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ಲಾರಿಗಳಿಗೆ ಹೆದರುತ್ತ ಸಾಗುವುದಷ್ಟೆ. ನೇಯ್ಗೆಯ ಊರಾದ ದೊಡ್ಡಬಳ್ಳಾಪುರದಲ್ಲಿ ಬೆಳಗಿನ ತಿಂಡಿಯನ್ನು ಮುಗಿಸಿ, ಮಗ್ಗಗಳ ಲಟಪಟ ಸದ್ದನ್ನು ಹಿಂದೆ ಬಿಟ್ಟು ಉತ್ತರಕ್ಕೆ ಹೊರಟರೆ, ಮಾಕಳಿದುರ್ಗದ ಬೋಳು ಬೆಟ್ಟವು ಎದುರಾಗುತ್ತದೆ. ನೆತ್ತಿಯಲ್ಲಿ ಹಾಳು ಕೋಟೆ. ಬುಡದಲ್ಲಿ ಗುಂತಕಲ್ಲಿನ ಕಡೆಗೆ ಹೋಗುವ ರೈಲುಹಾದಿ. ರೈಲು ಬೆಟ್ಟವನ್ನು ಬಳಸಿ ತಿರುಗುವಾಗ ಅದರ ಕೂಗು ಬಂಡೆಗಳಿಗೆ ಬಡಿದು ಎರಡೆರಡು ಬಾರಿ ಕೇಳುವುದು.

ಇಲ್ಲಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯು ಗುಡ್ಡಗಳ ನಡುವೆ ನುಸುಳುತ್ತದೆ. ಏರು ಇದೆ, ಆದರೆ ಎದೆ ಒಡೆಯುವಂಥದಲ್ಲ. ಸವಾರನು ಒಂದಿಷ್ಟು ಬೆವರಿ, ಒಂದಿಷ್ಟು ಹಗುರಾಗಿ, ಮರುಕ್ಷಣ ಇಳಿಜಾರಿನ ಗಾಳಿಯನ್ನು ಮುಖಕ್ಕೆ ಪಡೆಯುವಂತೆ ಈ ದಾರಿಯ ಏರಿಳಿತಗಳನ್ನು ಯಾರೋ ಅಳತೆಮಾಡಿ ಇಟ್ಟಂತಿದೆ. ಹಗುರವಾದ ಹೊಸ ಸೈಕಲ್ಲುಗಳಲ್ಲಿ ಹತ್ತಾರು ಗೇರುಗಳಿರುತ್ತವೆ, ನಿಜ. ಇಲ್ಲಿಯ ಮಟ್ಟಿಗೆ ಗೇರಿಲ್ಲದ ಹಳೆಯ ಕರಿಯ ಸೈಕಲ್ಲೂ ಸಾಕು. ಒಂದೆರಡು ಕಡೆ ಇಳಿದು ತಳ್ಳಿಕೊಂಡು ಹೋದರೆ ಮಾನವೇನೂ ಹೋಗದು.

ಘಾಟಿಯ ದೇವಾಲಯದ ವಿಶೇಷವನ್ನು ಭಕ್ತರು ಬಲ್ಲರು. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖಮಾಡಿದ ನರಸಿಂಹ. ಹಿಂದಿನ ಮೂರ್ತಿಯ ದರ್ಶನವಾಗಲೆಂದು ಗರ್ಭಗುಡಿಯಲ್ಲಿ ಕನ್ನಡಿಯನ್ನು ಇಟ್ಟಿದ್ದಾರೆ. ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳ ರಾಶಿಯೇ ಇಲ್ಲಿದೆ. ಚಳಿಗಾಲದಲ್ಲಿ ದನಗಳ ಜಾತ್ರೆ ಸೇರಿದಾಗ ಮಾತ್ರ ಈ ದಾರಿಯ ಮೌನವು ಮುರಿಯುವುದು. ಹಳ್ಳಿಕಾರ್ ತಳಿಯ ಜೋಡೆತ್ತುಗಳು, ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಬೆನ್ನಿಗೆ ಜೂಲು; ಅವುಗಳ ಬೆಲೆಯನ್ನು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ಗೌಡರು. ಆ ದಿನಗಳಲ್ಲಿ ಸೈಕಲ್ ಸವಾರನು ಆತುರಪಡಬಾರದು. ಎತ್ತುಗಳಿಗೆ ದಾರಿ ಬಿಟ್ಟು, ಸೈಕಲ್ಲನ್ನು ಮರಕ್ಕೆ ಒರಗಿಸಿ, ಜಾತ್ರೆಯನ್ನು ನೋಡಬೇಕು.

ಘಾಟಿಯಿಂದ ತೂಬಗೆರೆಯ ಕಡೆಗೆ ತಿರುಗಿದಾಗ ನಿಜವಾದ ತಪ್ಪಲು ಆರಂಭವಾಗುತ್ತದೆ. ಬಲಕ್ಕೂ ಎಡಕ್ಕೂ ರಾಗಿಯ ಹೊಲ, ಸಾಲು ಸಾಲಾಗಿ ಅವರೆ, ನಡುನಡುವೆ ದ್ರಾಕ್ಷಿಯ ಚಪ್ಪರ, ಗುಲಾಬಿ ಮತ್ತು ಸೇವಂತಿಗೆಯ ತೋಟ. ದೂರದಲ್ಲಿ ನಂದಿಯು ಮಲಗಿದ ಬಸವನಂತೆ ಕಾಣುತ್ತದೆ. ದಾರಿ ತಿರುಗಿದಂತೆಲ್ಲ ಬೆಟ್ಟದ ಆಕಾರವೂ ಬದಲಾಗುತ್ತದೆ: ಒಮ್ಮೆ ಬಸವನ ಹಿಣಿಲು, ಒಮ್ಮೆ ಕಡಿದಾದ ಗೋಡೆ, ಒಮ್ಮೆ ಮೋಡದ ಕೆಳಗೆ ಬರಿಯ ನೀಲಿ ಗೆರೆ. ಮೋಟಾರಿನಲ್ಲಿ ಹೋಗುವವನಿಗೆ ಈ ಬದಲಾವಣೆ ತಿಳಿಯುವ ಮೊದಲೇ ಊರು ದಾಟಿರುತ್ತದೆ. ಕಾಲ್ನಡಿಗೆಯವನಿಗೆ ಅದು ಬರುವಷ್ಟರಲ್ಲಿ ಬಿಸಿಲೇರುತ್ತದೆ. ಸೈಕಲ್ಲಿನ ವೇಗಕ್ಕೆ ಹೊಂದುವಂತೆಯೇ ಈ ನೋಟಗಳು ತೆರೆದುಕೊಳ್ಳುತ್ತವೆ.

ನವೆಂಬರ್ ಕಳೆದ ಮೇಲೆ ಇಲ್ಲಿ ಇನ್ನೊಂದು ಬಗೆಯ ಅಡಚಣೆಯಿದೆ. ರೈತರು ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ತಂದು ಡಾಂಬರಿನ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳ ಗಾಲಿಗಳೇ ರೋಣಗಲ್ಲು, ರಸ್ತೆಯೇ ಕಣ. ಸಗಣಿ ಸಾರಿಸಿದ ಕಣಗಳು ಹಳ್ಳಿಗಳಿಂದ ಮಾಯವಾಗಿ, ಒಕ್ಕಣೆಗೆ ಆಳು ಸಿಗದೆ ಹೋದಾಗ ರೈತನು ಕಂಡುಕೊಂಡ ಉಪಾಯವಿದು. ಆದರೆ ಸೈಕಲ್ಲಿನ ತೆಳುವಾದ ಗಾಲಿಗೆ ಹುರುಳಿಯ ಬಳ್ಳಿ ಸುತ್ತಿಕೊಂಡಿತೆಂದರೆ ಸವಾರನು ನೆಲ ಕಂಡಂತೆಯೇ. ಅಂಥ ಕಡೆ ಇಳಿದು ನಡೆಯುವುದೇ ಜಾಣತನ. ಇಳಿದು ನಡೆದವನಿಗೆ ಒಂದು ಲಾಭವೂ ಉಂಟು: ಕಣದ ಬಳಿಯಿರುವ ಹೆಂಗಸರು ಮಾತನಾಡಿಸದೆ ಬಿಡರು, ಸುಗ್ಗಿಯಾಗಿದ್ದರೆ ಒಂದು ಹಿಡಿ ಅವರೆಕಾಯನ್ನು ಕೊಡದೆ ಕಳುಹಿಸರು.

ಊರಿನ ಚಹದಂಗಡಿಗಳ ಮುಂದೆ ಸವಾರನು ಸೈಕಲ್ಲನ್ನು ನಿಲ್ಲಿಸಿದಾಗ ಕಟ್ಟೆಯ ಮೇಲಿನ ಹಿರಿಯರು ಕೇಳುವ ಪ್ರಶ್ನೆ ಹೆಚ್ಚುಕಡಮೆ ಒಂದೇ. "ಯಾಕ್ ಸ್ವಾಮಿ, ಬೆಂಗ್ಳೂರಿಂದ ಬಸ್ಸು ಸಿಗ್ಲಿಲ್ವಾ?" ಎಂದು ಆರಂಭ. "ಸಿಗ್ತದೆ ತಾತ, ಇದೇ ಚೆನ್ನಾಗಿದೆ ಅಂತ ಬಂದ್ವಿ" ಎಂದರೆ ಸೈಕಲ್ಲಿನ ಬೆಲೆಯ ವಿಚಾರಣೆ. ಬೆಲೆಯನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಮೌನ; ಅಷ್ಟು ಹಣಕ್ಕೆ ಒಂದು ಜೊತೆ ಕರು ಬರುತ್ತಿತ್ತಲ್ಲ ಎಂಬ ಲೆಕ್ಕ. ಬಳಿಕ ಬರುವ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. "ಕಾರಿಟ್ಕೊಂಡಿರೋರು ಸೈಕಲ್ ತುಳೀತೀರ. ನಮ್ಮ ಹುಡುಗ್ರು ನೋಡಿ, ಬೈಕಿಲ್ದೆ ಹೊಲಕ್ಕೂ ಹೋಗಲ್ಲ!"

ಮಾತಿನಲ್ಲಿ ಹಾಸ್ಯವಿದ್ದರೂ ಸತ್ಯವೂ ಇದೆ. ಒಂದು ಕಾಲಕ್ಕೆ ಈ ಸೀಮೆಯ ಹಾಲು, ಹೂವು, ಸೊಪ್ಪು, ರೇಷ್ಮೆಗೂಡು ಎಲ್ಲವೂ ಸೈಕಲ್ಲಿನ ಹಿಂಬದಿಯ ಕ್ಯಾರಿಯರಿನ ಮೇಲೆಯೇ ಸಾಗುತ್ತಿದ್ದುವು. ಮದುವೆಯಲ್ಲಿ ಅಳಿಯನಿಗೆ ಗಡಿಯಾರದೊಡನೆ ಸೈಕಲ್ಲನ್ನೂ ಕೊಡುವ ವಾಡಿಕೆಯಿದ್ದ ದಿನಗಳವು. ಆ ಪೀಳಿಗೆಯ ಸೈಕಲ್ಲುಗಳು ಈಗ ದನದ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿದಿವೆ. 2006–07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ ಎಂಟನೆಯ ತರಗತಿಯ ಹುಡುಗಿಯರು ಹಳ್ಳಿಯ ದಾರಿಗಳಿಗೆ ಮತ್ತೆ ಸೈಕಲ್ಲನ್ನು ತಂದರು. ಎರಡು ಜಡೆ ಹಾಕಿಕೊಂಡು, ಮುಂದಿನ ಬುಟ್ಟಿಯಲ್ಲಿ ಪುಸ್ತಕದ ಚೀಲವನ್ನಿಟ್ಟು, ಇಬ್ಬಿಬ್ಬರು ಜೋಡಿಯಾಗಿ ಮಾತನಾಡುತ್ತ ಬರುತ್ತಿದ್ದ ಆ ಹುಡುಗಿಯರಷ್ಟು ಈ ದಾರಿಗಳನ್ನು ಚೆನ್ನಾಗಿ ಬಲ್ಲವರು ಬೆಂಗಳೂರಿನ ಯಾವ ಸೈಕಲ್ ಸಂಘದಲ್ಲಿಯೂ ಇರಲಾರರು.

ತೂಬಗೆರೆಯಿಂದ ಮುಂದೆ ದಾರಿಯು ನೀಲಗಿರಿ ತೋಪುಗಳ ನಡುವೆ ಹಾದುಹೋಗುತ್ತದೆ. ಈ ಮರಕ್ಕೂ ನಂದಿಗೂ ಹಳೆಯ ನಂಟು. ಸುಮಾರು 1790ರಲ್ಲಿ ಟಿಪ್ಪೂ ಸುಲ್ತಾನನು ನಂದಿಯ ಮೇಲಣ ತನ್ನ ತೋಟದಲ್ಲಿ ನೆಡಿಸಿದ ಸಸಿಗಳಿಂದಲೇ ಭಾರತದಲ್ಲಿ ನೀಲಗಿರಿಯ ಕಥೆ ಆರಂಭವಾಯಿತೆಂದು ಹೇಳುವರು. ಮರುವರ್ಷವೇ, 1791ರಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಕೋಟೆಯನ್ನು ಹಿಡಿಯಿತು. ಮರ ಮಾತ್ರ ಉಳಿದು ಬೆಳೆಯಿತು. ಎರಡು ಶತಮಾನಗಳ ಮೇಲೆ ಅಂತರ್ಜಲವು ಬತ್ತಿ ಕೊಳವೆಬಾವಿಗಳು ಸಾವಿರ ಅಡಿಯನ್ನು ಮೀರಿ ಇಳಿದಾಗ ಆಪಾದನೆಯು ಈ ಮರದ ಮೇಲೂ ಬಂದಿತು. ಕರ್ನಾಟಕ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸೈಕಲ್ ಸವಾರನಿಗೆ ಇದರ ನೆರಳು ತೆಳ್ಳನೆಯದು, ಪರಿಮಳವೇನೋ ಹಿತವಾದದ್ದು. ದಾರಿಬದಿಯ ಹಳೆಯ ಹುಣಿಸೆ, ಹೊಂಗೆ, ಆಲದ ಮರಗಳ ಕೆಳಗೆ ನಿಂತ ಮೇಲೆ ಮಾತ್ರ ನೆರಳೆಂದರೇನೆಂಬುದು ತಿಳಿಯುತ್ತದೆ.

ಬೆಟ್ಟವನ್ನು ಎಡಗಡೆಗೆ ಇಟ್ಟುಕೊಂಡು ಸುತ್ತುತ್ತ ಬಂದರೆ, ನೆತ್ತಿಗೆ ಹೋಗುವ ಮೋಟಾರು ದಾರಿ ಕವಲೊಡೆಯುವ ಸ್ಥಳ ಸಿಗುತ್ತದೆ. ಏರಬೇಕೆಂಬ ಚಪಲವಿದ್ದವರು ಏರಬಹುದು; ಸುಮಾರು 8 ಕಿಲೋಮೀಟರುಗಳ ಕಡಿದಾದ ದಾರಿ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ಈ ದಾರಿಯೇ ಕೊಚ್ಚಿಹೋಗಿ, ಕೆಲವು ತಿಂಗಳು ಬೆಟ್ಟಕ್ಕೆ ಪ್ರವೇಶವಿರಲಿಲ್ಲ. ಶನಿವಾರ ಭಾನುವಾರಗಳಲ್ಲಿ ಇಲ್ಲಿ ಕಾರುಗಳ ಸಾಲು ಮೈಲಿಗಟ್ಟಲೆ ನಿಲ್ಲುವುದುಂಟು. ಅವುಗಳ ಹೊಗೆಯನ್ನು ಕುಡಿಯುತ್ತ ಏರುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ಮುಂದಕ್ಕೆ, ನಂದಿಗ್ರಾಮದ ಕಡೆಗೆ ಹೋಗುವುದೇ ಉತ್ತಮ.

ನಂದಿಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಎಷ್ಟು ಹೊತ್ತನ್ನು ಕೊಟ್ಟರೂ ಕಡಮೆಯೇ. ಒಂಬತ್ತನೆಯ ಶತಮಾನದ ಆದಿಯಲ್ಲಿ ನೊಳಂಬರು ಮತ್ತು ಬಾಣರ ಕಾಲದಲ್ಲಿ ಬೇರು ಬಿಟ್ಟ ಈ ಕ್ಷೇತ್ರಕ್ಕೆ ಚೋಳರು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರಾದ ಮೇಲೊಬ್ಬರು ಕೈಗೂಡಿಸಿದರು. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕದಲ್ಲಿ; ಅವೆರಡರ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ, ಅದರ ಮುಂದೆ ಕರಿಗಲ್ಲಿನ ಕಲ್ಯಾಣಮಂಟಪ. ಆ ಕಂಬಗಳ ಮೇಲೆ ಕೆತ್ತಿದ ಗಿಣಿಗಳನ್ನು ನೋಡುತ್ತ ನಿಂತವನಿಗೆ ಕಾಲುನೋವು ಮರೆಯುತ್ತದೆ. ಒಳಪ್ರಾಕಾರವನ್ನು ದಾಟಿದರೆ ಶೃಂಗಿತೀರ್ಥದ ಮೆಟ್ಟಿಲುಗಳ ಕೊಳ. ಕೆಳಗೆ ಭೋಗನಂದೀಶ್ವರ, ಬೆಟ್ಟದ ಮೇಲೆ ಯೋಗನಂದೀಶ್ವರ. ಭೋಗಕ್ಕೆ ಸಮತಲದ ದಾರಿಯನ್ನೂ ಯೋಗಕ್ಕೆ ಏರುದಾರಿಯನ್ನೂ ಹಿರಿಯರು ನಿಯಮಿಸಿದ್ದನ್ನು ನೋಡಿದರೆ, ಅವರಿಗೂ ಈ ಬೆಟ್ಟದ ಏರಿನ ಅನುಭವ ಚೆನ್ನಾಗಿಯೇ ಇದ್ದಂತೆ ತೋರುತ್ತದೆ.

ಇಲ್ಲಿಂದ ಮುದ್ದೇನಹಳ್ಳಿಗೆ ಹೋಗುವ ದಾರಿಯು ಇಡೀ ತಪ್ಪಲಿನಲ್ಲಿಯೇ ಸೊಗಸಾದದ್ದು. ಒಂದು ಕಡೆ ನಂದಿ, ಇನ್ನೊಂದು ಕಡೆ ಸ್ಕಂದಗಿರಿ, ನಡುವೆ ತೋಟಗಳ ಹಸುರು. ಹಿಪ್ಪುನೇರಳೆಯ ತೋಟಗಳ ಅಂಚಿನಲ್ಲಿ ಹುಳು ಸಾಕುವ ಮನೆಗಳು. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳಲ್ಲಿ ಗೂಡುಗಳು ಹಳದಿಯಾಗಿ, ಬಿಳಿಯಾಗಿ ಹೊಳೆಯುವುದನ್ನು ದಾರಿಯಿಂದಲೇ ಕಾಣಬಹುದು. ಗೂಡು ಬಿಡಿಸಿದ ಕೂಡಲೇ ಶಿಡ್ಲಘಟ್ಟದ ಮಾರುಕಟ್ಟೆಗೆ ಧಾವಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ನೂಲನ್ನು ಕತ್ತರಿಸೀತು. ಈ ಸೀಮೆಯಲ್ಲಿ ನಿಜವಾದ ಆತುರವಿರುವುದು ಇದೊಂದಕ್ಕೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯೂ 1962ರಲ್ಲಿ ಅವರು ತೀರಿಕೊಂಡ ಮೇಲೆ ನಿರ್ಮಿಸಿದ ಸಮಾಧಿಯೂ ಮುದ್ದೇನಹಳ್ಳಿಯಲ್ಲಿವೆ. ಕೃಷ್ಣರಾಜಸಾಗರದಂಥ ಜಲಾಶಯದೊಡನೆ ಹೆಸರು ಕೂಡಿಕೊಂಡ ಆ ಮಹನೀಯರು ಬೆಳೆದ ಸೀಮೆಯಲ್ಲಿ ಬಾವಿಗಳು ಬತ್ತಿರುವುದು ವಿಚಿತ್ರವೇ ಸರಿ.

ಈಚಿನ ವರ್ಷಗಳಲ್ಲಿ ನೀರು ಬೇರೊಂದು ರೂಪದಲ್ಲಿ ಬಂದಿದೆ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆಯ ಏರಿಯ ಮೇಲೆ ಸೈಕಲ್ಲನ್ನು ತುಳಿಯುವವನಿಗೆ ನೋಟವೇನೋ ಕಣ್ಣಿಗೆ ಹಬ್ಬ: ತುಂಬಿದ ನೀರು, ಅದರಲ್ಲಿ ಸ್ಕಂದಗಿರಿಯ ನೆರಳು, ಅಂಚಿನಲ್ಲಿ ಕೊಕ್ಕರೆ. ಕೊಳವೆಬಾವಿಗಳಲ್ಲಿ ನೀರು ಮೇಲೆದ್ದಿತೆಂದು ಹರ್ಷಿಸುವವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ನೆಲಕ್ಕೆ ಇಳಿಯಬಾರದೆಂದು ಹೋರಾಡುವವರೂ ಇದ್ದಾರೆ. ಹಿಂದೆ ತಪ್ಪಲಿನ ನೀರು ನಗರಕ್ಕೆ ಹೋಗುತ್ತಿತ್ತು. ಈಗ ನಗರದ ನೀರು ತಪ್ಪಲಿಗೆ ಬರುತ್ತಿದೆ.

ನಗರದಿಂದ ಬರುತ್ತಿರುವುದು ನೀರೊಂದೇ ಅಲ್ಲ. ಸ್ಕಂದಗಿರಿಯ ಬುಡದ ಪಾಪಾಗ್ನಿ ಮಠದ ಕಡೆಗೆ ಹೋಗುವ ಓಣಿಯಂಥ ದಾರಿಗಳಲ್ಲಿ ರಾತ್ರಿ ಎರಡು ಗಂಟೆಗೆ ಬೆಟ್ಟ ಹತ್ತಲು ಬರುವ ಕಾರುಗಳ ಸಾಲು. 2023ರ ಜನವರಿಯಲ್ಲಿ ಆವಲಗುರ್ಕಿಯ ಬಳಿ ಈಶ ಸಂಸ್ಥೆಯ ಆದಿಯೋಗಿಯ ಬೃಹತ್ಪ್ರತಿಮೆಯು ಅನಾವರಣಗೊಂಡ ಬಳಿಕ, ದನಗಳು ಅಡ್ಡಾಡುತ್ತಿದ್ದ ಸುತ್ತಲಿನ ದಾರಿಗಳು ವಾರಾಂತ್ಯದ ಸಂಜೆಗಳಲ್ಲಿ ಸೈಕಲ್ಲಿಗೆ ದಕ್ಕುವಂತಿಲ್ಲ. ದಾರಿಬದಿಯ ಅಂಗಡಿಗಳವರಿಗೆ ಇದರಿಂದ ನಾಲ್ಕು ಕಾಸು ಬಂದಿರುವುದೂ ಸುಳ್ಳಲ್ಲ. ತಮ್ಮ ಮೌನಕ್ಕಾಗಿ ಹಳ್ಳಿಯವರು ಬಡವರಾಗಿಯೇ ಇರಲೆಂದು ಬಯಸುವ ಹಕ್ಕು ನಗರದ ಸವಾರರಿಗೆ ಯಾರೂ ಕೊಟ್ಟಿಲ್ಲ. ಕಲ್ಲುಕ್ವಾರಿಗಳ ವಿಷಯ ಬೇರೆ. ಅವುಗಳ ಟಿಪ್ಪರ್ ಲಾರಿಗಳು ಕಿರುದಾರಿಯ ತುಂಬ ಧೂಳೆಬ್ಬಿಸಿ ನುಗ್ಗುವಾಗ ಸವಾರನು ಹೊಲಕ್ಕೆ ಇಳಿದು ನಿಲ್ಲಬೇಕಾಗುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಕ್ವಾರಿಗೆ ಸೇರಿದ ಸ್ಫೋಟಕಗಳು ಸಿಡಿದು 6 ಮಂದಿ ಸತ್ತದ್ದನ್ನು ಈ ಭಾಗದವರು ಮರೆತಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ದಕ್ಷಿಣದ ಅಂಚಿನದು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಹೊಲಗಳ ನಡುವೆ ಕಮಾನು ಬಾಗಿಲುಗಳ ಬಡಾವಣೆಗಳು ಎದ್ದಿವೆ. ರಾಗಿಯ ತೆನೆಯಿದ್ದಲ್ಲಿ ನಂಬರು ಬರೆದ ಗೂಟಗಳು ನಿಂತಿವೆ. 2022ರ ಜನವರಿಯಲ್ಲಿ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಸೂಚನೆ ಹೊರಟಿತು. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ಆ ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. ಕೊನೆಗೆ 2025ರ ಜುಲೈ 15ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಆ ರೈತರಾರೂ ಸೈಕಲ್ ಸವಾರರ ಸುಖಕ್ಕಾಗಿ ಹೋರಾಡಲಿಲ್ಲ. ಆದರೂ ಆ ಸೀಮೆಯಲ್ಲಿ ಇಂದಿಗೂ ಹೊಲಗಳ ನಡುವೆ ದಾರಿ ಉಳಿದಿರುವುದು ಅವರು ಎದ್ದುಹೋಗದೆ ಕುಳಿತದ್ದರಿಂದ.

ಹೋಗಬೇಕೆನ್ನುವವರು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನು ಆರಿಸಿಕೊಳ್ಳಬೇಕು. ದೊಡ್ಡಬಳ್ಳಾಪುರದಿಂದ ಘಾಟಿ, ತೂಬಗೆರೆ, ನಂದಿಗ್ರಾಮ, ಮುದ್ದೇನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೆಚ್ಚುಕಡಮೆ 50 ಕಿಲೋಮೀಟರು. ನೋಡುತ್ತ ನಿಲ್ಲುತ್ತ ಹೋದರೆ ಒಂದು ಹಗಲು. ವಾರದ ದಿನವಾದರೆ ಒಳ್ಳೆಯದು. ಡಿಸೆಂಬರಿನಲ್ಲಿ ಮಂಜು ದಟ್ಟವಾಗಿ ಹತ್ತು ಮಾರು ಮುಂದಿನದು ಕಾಣದಿರುವುದರಿಂದ ಮುಂದೆಯೂ ಹಿಂದೆಯೂ ದೀಪ ಬೇಕು. ಜಾಲಿಯ ಮುಳ್ಳು ಯಾರನ್ನೂ ಬಿಡದು. ಪಂಕ್ಚರು ಹಾಕುವ ಸಾಮಾನು, ಒಂದು ಬದಲಿ ಟ್ಯೂಬು, ಗಾಳಿ ಹೊಡೆಯುವ ಚಿಕ್ಕ ಪಂಪು ಜೊತೆಯಲ್ಲಿರಲಿ. ಹಳ್ಳಿಯ ಸೈಕಲ್ ಷಾಪುಗಳು ಮೋಟಾರ್ ಸೈಕಲ್ಲಿನ ರಿಪೇರಿಗೆ ತಿರುಗಿ ಬಹಳ ಕಾಲವಾಯಿತು. ಊರನಾಯಿಗಳು ಬೆನ್ನಟ್ಟಿದರೆ ವೇಗವಾಗಿ ತುಳಿಯುವುದು ದಡ್ಡತನ. ಇಳಿದು ನಿಂತರೆ ನಾಯಿಯೂ ನಿಲ್ಲುತ್ತದೆ, ಮುಂದೇನು ಮಾಡಬೇಕೆಂದು ತಿಳಿಯದೆ ಹಿಂದಿರುಗುತ್ತದೆ.

ಚಿಕ್ಕಬಳ್ಳಾಪುರದಿಂದ ಮರಳುವಾಗ ಹೆದ್ದಾರಿಯನ್ನು ಆದಷ್ಟು ತಪ್ಪಿಸಿ, ರೈಲುಹಾದಿಯ ಸಮೀಪದ ಹಳ್ಳಿಯ ದಾರಿಗಳನ್ನು ಹಿಡಿಯಬಹುದು. ಒಂದು ಕಾಲಕ್ಕೆ ಕಿರುಹಳಿಯ ಪುಟ್ಟ ರೈಲು ಓಡಾಡುತ್ತಿದ್ದ ಹಾದಿಯಿದು. ನಂದಿ ಹಾಲ್ಟ್ ಎಂಬ ಹಳೆಯ ನಿಲ್ದಾಣವು ದೀರ್ಘಕಾಲದ ಹಾಳುತನದ ಬಳಿಕ ಈಚೆಗೆ ದುರಸ್ತಿಯಾಗಿ ಮತ್ತೆ ಮುಖ ತೊಳೆದುಕೊಂಡಂತಿದೆ. ಮುಂದೆ ಆವತಿ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಪಾಳೆಯಗಾರರ ಮೂಲಸ್ಥಾನವಾದ ಈ ಊರಿನ ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿಯ ಗುಡಿಯಿದೆ. ಸಂಜೆಯ ಹೊತ್ತಿನಲ್ಲಿ ಅಲ್ಲಿಂದ ಕಂಡರೆ, ಆ ದಿನ ಸುತ್ತಿಬಂದ ತಪ್ಪಲಿನ ಬಹುಪಾಲು ಕಣ್ಣಿಗೆ ಬೀಳುತ್ತದೆ. ಆವತಿಯ ನಂತರ ದೇವನಹಳ್ಳಿಯ ಕೋಟೆ. ಚಕ್ಕೋತದ ಹಣ್ಣಿಗೆ ಹೆಸರಾದ ಊರು; ತೋಟಗಳು ನಿವೇಶನಗಳಾಗಿ ಮರಗಳು ವಿರಳವಾಗಿವೆ, ಆದರೂ ಋತುವಿನಲ್ಲಿ ದಾರಿಬದಿಯಲ್ಲಿ ಹಣ್ಣಿನ ರಾಶಿ ಕಾಣುವುದುಂಟು. ಮಗುವಿನ ತಲೆಯಷ್ಟು ದಪ್ಪದ ಹಣ್ಣು. ಸೈಕಲ್ಲಿನ ಚೀಲದಲ್ಲಿ ಒಂದಕ್ಕಿಂತ ಹೆಚ್ಚು ಹಿಡಿಸದು. ಸಿಪ್ಪೆಯನ್ನು ಅಂಗಡಿಯವರೇ ಸುಲಿದು ಕೊಡುತ್ತಾರೆ, ಉಪ್ಪುಕಾರ ಬೇಕೆಂದರೆ ಅದನ್ನೂ ಸವರಿ ಕೊಡುತ್ತಾರೆ.